ನೀರು ಕುಡಿದವನ ಅಭಿಮಾನಿ

ನನ್ನ ಮೈದುನ ಜೀವಮಾನದಲ್ಲಿ ಒಬ್ಬನನ್ನೇ ಆರಾಧಿಸಿದ. ಆ ಮಹಾನುಭಾವನ ಸಾಧನೆ ಏನೆಂದು ಕೇಳುತ್ತೀರಾ? ಸುಮ್ಮನೆ ನಿಂತಿರುವುದು!

ಅವನೊಬ್ಬ ಅಮೆರಿಕದ ಫುಟ್‌ಬಾಲ್ ಆಟಗಾರ. ಅಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ. ಅದು ಹೇಗೆ ಫುಟ್‌ಬಾಲ್ ಆಯಿತೋ ನನಗೆ ಇಂದಿಗೂ ತಿಳಿಯದು. ಚೆಂಡು ಯಾರಿಗೆ ಹೋಗಬೇಕೆಂದು ನೋಡಿ ಎಸೆಯುವವನು ಕ್ವಾರ್ಟರ್‌ಬ್ಯಾಕ್. ಅವನಿಗೆ ಪೆಟ್ಟಾದರೆ ಇಳಿಯಲೆಂದು ಇನ್ನೊಬ್ಬ ಬದಿಯಲ್ಲಿ ಕಾಯುತ್ತಿರುತ್ತಾನೆ. ನಮ್ಮವನ ದೇವರು ಈ ಎರಡನೆಯವನು. ಮೂರು ತಂಡ ಬದಲಿಸಿದ್ದನಂತೆ, ಮೂರರಲ್ಲೂ ಬದಿಯಲ್ಲೇ.

ಮೈದುನನೂ ಕುವೈತಿನ ಅಹ್ಮದಿಯ ಎಣ್ಣೆ ಕಂಪೆನಿಯಲ್ಲಿ ಬದಲಿಯಾಳು. ರಜೆ ಹೋದವರ ಕೆಲಸವೆಲ್ಲ ಇವನದು. ಯಾರ ಕುರ್ಚಿಯಲ್ಲಿ ಕೂತರೂ ಅದರ ಎತ್ತರ ಬದಲಿಸುತ್ತಿರಲಿಲ್ಲ. ಹಿಂದಿರುಗಿದವರಿಗೆ ಕುರ್ಚಿ ಹೊಸತೆನಿಸಬಾರದಂತೆ. ಹಾಗಾಗಿ ವರ್ಷವಿಡೀ ಬೆನ್ನುನೋವು.

ಶುಕ್ರವಾರ ಫಿಂಟಾಸಿನ ನಮ್ಮ ಮನೆಗೆ ಊಟಕ್ಕೆ ಬರುವಾಗ, ಅಮೆರಿಕನ್ ಎಂಜಿನಿಯರೊಬ್ಬರು ಕೊಟ್ಟ ವೀಡಿಯೋ ಕ್ಯಾಸೆಟ್ ತರುತ್ತಿದ್ದ. ಹೊರಗೆ ಸಮುದ್ರ ಬಿಸಿಲಿಗೆ ಬೆಳ್ಳಗೆ ಕರಗಿ ಆಕಾಶದೊಳಗೆ ಸೇರಿಹೋಗಿರುತ್ತಿತ್ತು. ಒಳಗೆ ಏಸಿಯ ಜೋಗುಳ. ಅರೆನಿದ್ದೆಯಲ್ಲಿ ಕಂಡಂತೆ ಹಸಿರು ಮೈದಾನವೊಂದು ಟೀವಿಯಲ್ಲಿ ತೇಲುತ್ತಿತ್ತು. ಇವನ ಕಣ್ಣು ಮಾತ್ರ ಪರದೆಯ ಅಂಚಿನಲ್ಲಿ.

“ಅತ್ತಿಗೆ, ಬೇಗ ಬನ್ನಿ. ನೀರು ಕುಡಿದ!”

ನಾನು ಸೌಟು ಹಿಡಿದೇ ಓಡುತ್ತಿದ್ದೆ.

“ಯಾರು ಮಾರಾಯ ಇವ?” ಎಂದರು ಒಮ್ಮೆ ಪಕ್ಕದ ಮನೆಯ ಶೆಟ್ಟರು.

“ಆಡದವ.”

“ಕೆಲಸ ಮಾಡದವರನ್ನು ನೋಡ್ಲಿಕ್ಕೆ ಕ್ಯಾಸೆಟ್ ಎಂತಕ್ಕೆ? ನಮ್ಮ ಆಫೀಸಿಗೆ ಬಾ.”

ನಾನೂ ನಕ್ಕು, “ಅವನನ್ನು ಕರೆಯುವುದೇ ಇಲ್ಲವಲ್ಲ ಪಾಪ” ಎಂದೆ.

“ಕರೀದಿದ್ರೂ ತಯಾರಿರ್ಬೇಕಲ್ಲ ಅತ್ತಿಗೆ.”

ತೊಂಬತ್ತರ ಬೇಸಿಗೆಯಲ್ಲಿ ನನ್ನ ಗಂಡ ರಜೆಗೆಂದು ಊರಿಗೆ ಹೋಗಿದ್ದರು. ಆಗಸ್ಟಿನಲ್ಲಿ ಇರಾಕಿನ ಸೈನ್ಯ ಕುವೈತಿನೊಳಗೆ ಬಂತು, ಫೋನು ಸತ್ತಿತು. ಮನೆಯಲ್ಲಿ ನಾನು, ಐದು ವರ್ಷದ ಮಗಳು. ಮಾರನೆಯ ದಿನ ಮೈದುನ ಅಕ್ಕಿಚೀಲ ಹೊತ್ತು ಬಾಗಿಲಲ್ಲಿ ನಿಂತಿದ್ದ.

“ಇವಳನ್ನು ಅಣ್ಣನ ಕೈಗೆ ಕೊಡುವವರೆಗೆ ನಾನಿದ್ದೇನೆ.”

ಆಮೇಲಿನ ವಾರಗಳಲ್ಲಿ ಮನೆಯ ಕೆಲಸವೆಲ್ಲ ಮಾಡಿದ. ಅಣ್ಣನ ಕುರ್ಚಿಯಲ್ಲಿ ಮಾತ್ರ ಕೂರಲಿಲ್ಲ. ಬಸ್ಸಿನಲ್ಲಿ ಇರಾಕ್ ದಾಟಿ ಜೋರ್ಡಾನಿನ ಗಡಿಯ ನಿರಾಶ್ರಿತರ ಡೇರೆ ಸೇರಿದೆವು. ಮಧ್ಯಾಹ್ನದ ಉರಿಯಲ್ಲಿ ಮಗಳಿಗೆ ಅಪ್ಪ ಹೇಳುವ ಕತೆಯೇ ಬೇಕು. ಇವನು ಹೇಳಿದ: ಅಣ್ಣ ತಪ್ಪುವಲ್ಲಿ ತಪ್ಪಿ, ಅಣ್ಣ ಆಕಳಿಸುವಲ್ಲಿ ಆಕಳಿಸಿ. ಅವಳು ನಿದ್ದೆಹೋದಳು. ಕಣ್ಣು ಮುಚ್ಚಿದ್ದ ನನಗೂ ಫಿಂಟಾಸಿನ ಮನೆಯಲ್ಲೇ ಇದ್ದಂತೆ ಅನ್ನಿಸಿತು.

ಬೊಂಬಾಯಿ ವಿಮಾನ ನಿಲ್ದಾಣದಲ್ಲಿ ಗಂಡ ಜನರನ್ನು ಸರಿಸಿಕೊಂಡು ಬಂದರು. ಮೈದುನ ತನ್ನ ಹೆಗಲ ಮೇಲಿದ್ದ ಮಗಳನ್ನು ಅವರ ಕೈಗೆ ದಾಟಿಸಿದ.

“ಅಪ್ಪಾ,” ಎಂದಳು ಅವಳು, “ಚಿಕ್ಕಪ್ಪ ಆಡಿದ.”

ಗಂಡ ನನಗೇನೋ ಹೇಳುತ್ತಿದ್ದರು. ನಾನು ನೋಡುತ್ತಿದ್ದುದು ಬದಿಗೆ. ಅಲ್ಲಿ ಕಂಬದ ಪಕ್ಕ, ನಮ್ಮ ಪೆಟ್ಟಿಗೆಗಳ ಹಿಂದೆ ನಿಂತು, ಅವನು ನೀರು ಕುಡಿಯುತ್ತಿದ್ದ.