ಹೆಂಡತಿಯನ್ನು ತಪ್ಪು ಹಂದರಕ್ಕೆ ಕಳಿಸಿದ ಲೇಖಕ

ಬರೆಯುವ ವಿಷಯ ಹುಡುಕಿಕೊಂಡು ಇನ್ನು ಮುಂದೆ ಮನೆಯ ಹೊಸ್ತಿಲು ದಾಟುವುದಿಲ್ಲ! ಗಡಿಯಾಚೆ, ಮರಾಠಿ ಸೀಮೆಯ ಮುಚ್ಚಂಡಿಯಲ್ಲಿ ಬಟ್ಟೆ ಅಂಗಡಿಯ ಮಾಲೀಕರೂ, ವಿಜಯಪುರದ ಪತ್ರಿಕೆಯೊಂದರ ರವಿವಾರದ ಪುರವಣಿಗೆ ಹಾಸ್ಯ ಬರೆಯುವವರೂ ಆದ ಅಪ್ಪಾಸಾಹೇಬರು ಒಂದು ಮುಂಜಾನೆ ಚಹಾ ಕುಡಿಯುತ್ತ ಇಂಥದೊಂದು ಭೀಷ್ಮ ಪ್ರತಿಜ್ಞೆ ಮಾಡಿದರು. ಮನಸ್ಸಿನಲ್ಲೇ ಮಾಡಿದರು. ಯಾಕೆಂದರೆ ಇನ್ನು ಮೇಲೆ ಅವರು ಬರೆಯಲಿದ್ದದ್ದು ಎದುರಿಗೇ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ವಿಜಯಶ್ರೀಯ ಬಗ್ಗೆ!

ಹೊರಗಿನವರ ಬಗ್ಗೆ ಬರೆದು ಅವರಿಗೆ ಆಗಲೇ ಬಿಸಿ ತಟ್ಟಿತ್ತು. ಅಂಗಡಿಯ ಧೋತರಗಳನ್ನೆಲ್ಲ ಬಿಚ್ಚಿಸಿ ನೋಡಿ ಕೊನೆಗೆ ಮುಖ ಒರೆಸುವ ಒಂದು ದಸ್ತಿ ಕೊಂಡು ಹೋಗುವ ಗಿರಾಕಿಯ ಕಥೆ ಅಚ್ಚಾದ ಮರುದಿನವೇ ಆ ಗಿರಾಕಿ ಸೋಮನಿಂಗಪ್ಪ ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದ. “ಸಾಹೇಬ್ರ, ನನ್ನ ಮಗಳು ಕನ್ನಡ ಸಾಲಿಗಿ ಹೋಗತಾಳ. ಓದಿ ಹೇಳ್ಯಾಳ. ಇನ್ನ ಮ್ಯಾಲೆ ದಸ್ತೀನೂ ಜತ್ತದ ಪ್ಯಾಟ್ಯಾಗ ತಗೋತೀನಿ!” ಎಂದವನು ತಿರುಗಿಯೂ ನೋಡದೆ ಹೋಗಿಬಿಟ್ಟ. ಸಾಹಿತ್ಯವೂ ಬೆಳೆಯಬೇಕು, ಗಿರಾಕಿಯೂ ಉಳಿಯಬೇಕು ಎಂದರೆ ಮನೆಗೆ ಹಿಂತಿರುಗದೆ ಬೇರೆ ದಾರಿ ಇರಲಿಲ್ಲ.

ಮನೆಯಲ್ಲಿ ಭಯವಿಲ್ಲ. ಅಪ್ಪಾಸಾಹೇಬರು ತಿಕೋಂಡಿಯ ಕನ್ನಡ ಶಾಲೆಯಲ್ಲಿ ಕಲಿತವರು. ವಿಜಯಶ್ರೀಯ ತವರಿನವರೆಲ್ಲ ಕಲಿತದ್ದು ಮರಾಠಿ ಶಾಲೆಯಲ್ಲಿ. ಬೈಯುವುದು ಕನ್ನಡ, ಬೇಡಿಕೊಳ್ಳುವುದು ಕನ್ನಡ, ನಿದ್ದೆಯಲ್ಲಿ ಕನವರಿಸುವುದೂ ಕನ್ನಡ, ಆದರೆ ಓದು ಬರಹ ಮಾತ್ರ ಮರಾಠಿ. ಕನ್ನಡದ ಅಕ್ಷರ ಕಂಡರೆ ವಿಜಯಶ್ರೀ ಯಾರದೋ ಅಂಗಳದ ಚಂದದ ರಂಗೋಲಿಯನ್ನು ಕಂಡಂತೆ ನೋಡುತ್ತಿದ್ದಳು, ಅಷ್ಟೇ. ತನ್ನ ಬಗ್ಗೆ ಬರೆದದ್ದನ್ನು ಓದಲಾರದ ಹೆಂಡತಿ! ಯಾವ ಲೇಖಕನಿಗುಂಟು ಈ ಭಾಗ್ಯ?

ಅವಳಿಗೋ, ಗಂಡನ ಬರವಣಿಗೆಯೆಂದರೆ ಹೆಮ್ಮೆ. ಪುರವಣಿ ಬಂದ ಕೂಡಲೇ ದೇವರ ಮುಂದಿಡುತ್ತಿದ್ದಳು. ಮನೆಗೆ ಬಂದವರಿಗೆಲ್ಲ ಬಿಡಿಸಿ ತೋರಿಸುತ್ತಿದ್ದಳು.

“ಏನ ಬರದಾರ?” ಎಂದು ಯಾರಾದರೂ ಕೇಳಿದರೆ, “ಚಲೋನ ಬರದಾರ. ಫೋಟೋನೂ ಹಾಕ್ಯಾರ ನೋಡ್ರಿ,” ಎನ್ನುತ್ತಿದ್ದಳು. ಅವಳೇ ಗಂಡನನ್ನು ಕೇಳಿದರೆ ಅಪ್ಪಾಸಾಹೇಬರು ಗಂಭೀರವಾಗಿ, “ಸಮಾಜದ ಬಗ್ಗೆ,” ಎನ್ನುತ್ತಿದ್ದರು!

ಹೀಗೆ ಸಮಾಜಸೇವೆ ಸಾಂಗವಾಗಿ ನಡೆದಿದ್ದಾಗ ಮಾಡಗ್ಯಾಳದಲ್ಲಿ ವಿಜಯಶ್ರೀಯ ಸಂಬಂಧಿಕರ ಮದುವೆ ಬಂತು. ಅವಳು ತನ್ನ ತಾಯಿ ಗುರವ್ವನ ಜೊತೆ ಮೊದಲೇ ಹೋಗಿದ್ದಳು. ಅಪ್ಪಾಸಾಹೇಬರು ಅಂಗಡಿ ಮುಚ್ಚಿ, ಮದುಮಗಳಿಗೆ ಉಡುಗೊರೆ ಕೊಡುವ ಆಯೇರಿಯ ಸೀರೆ ಬಗಲಿಗಿಟ್ಟುಕೊಂಡು ಬಸ್ಸಿಳಿದರು. ರಸ್ತೆಯ ಆಚೆಗೊಂದು ಹಂದರ, ಈಚೆಗೊಂದು ಹಂದರ, ಎರಡರಲ್ಲೂ ಮದುವೆ! ಈಚೆಯ ಹಂದರದವರು “ಬರ್ರಿ, ಬರ್ರಿ” ಎಂದು ಕರೆದು ತಲೆಗೆ ಫೇಟಾ ಸುತ್ತಿಯೇಬಿಟ್ಟರು. ತಲೆಗೆ ಫೇಟಾ ಏರಿದ ಮೇಲೆ ಮನುಷ್ಯ ವಿಳಾಸ ಕೇಳುತ್ತಾನೆಯೇ? ಅಕ್ಷತೆ ಹಾಕಿದರು. ಕಂಡರಿಯದ ಮದುಮಗಳ ಕೈಗೆ ಸೀರೆ ಕೊಟ್ಟರು. ಮದುಮಗನಿಗೆ ಸಂಸಾರದ ಗುಟ್ಟು ಹೇಳಿದರು. ಭರ್ಜರಿ ಊಟ ಮುಗಿಸಿ ಹೆಂಡತಿಗೆ ಫೋನು ಮಾಡಿದರು.

“ಎಲ್ಲಿದ್ದೀ?”

“ಮದುಮಗಳ ಬಾಜೂಕ ಅದೀನ್ರಿ. ನೀವೆಲ್ಲಿದ್ದೀರಿ?”

“ನಾನೂ ಮದುಮಗಳ ಬಾಜೂಕನ ಅದೀನಲ್ಲ!”

ಫೇಟಾ ಸಮೇತ ರಸ್ತೆ ದಾಟಿ ಬಂದ ಗಂಡನನ್ನು ಕಂಡು ವಿಜಯಶ್ರೀ ಸಿಟ್ಟು ಮಾಡಲಿಲ್ಲ. “ಹೋಗ್ಲಿ ಬಿಡ್ರಿ. ಆ ಹುಡುಗಿಗಿ ಸ್ವಾದರಮಾವ ಇರಲಿಲ್ಲ ಕಾಣತೈತಿ, ದೇವರ ಬಸ್ ಹತ್ತಿಸಿ ಕಳಿಸ್ಯಾನ,” ಎಂದಳು. ಹಂದರದ ಹೆಂಗಸರೆಲ್ಲ ಸೆರಗು ಬಾಯಿಗೆ ಹಿಡಿದು ನಕ್ಕದ್ದೇ ನಕ್ಕದ್ದು.

ಇದಿಷ್ಟು ನಡೆದದ್ದು. ಪುರವಣಿಯಲ್ಲಿ ಬಂದದ್ದೇ ಬೇರೆ. ಅಲ್ಲಿ ತಪ್ಪು ಹಂದರಕ್ಕೆ ನುಗ್ಗಿ, ಸೀರೆ ಕೊಟ್ಟು, ಉಂಡು ಬಂದವಳು ಹೆಂಡತಿ. ಸ್ವಾದರಮಾವ ಸ್ವಾದರತ್ತೆಯಾಗಿ, ಆ ಮಾತು ಗಂಡನ ಬಾಯಿಗೆ ಬಂದಿತ್ತು! ಅಪ್ಪಾಸಾಹೇಬರು ಅಂಗಡಿಯಲ್ಲಿದ್ದಾಗ ಸಂಪಾದಕರು ಖುದ್ದಾಗಿ ಫೋನು ಮಾಡಿ, “ಆ ಮಾತ ಹೆಂಗ ಹೊಳೀತ್ರಿ ನಿಮಗ?” ಎಂದರು. “ಹಂಗ ಹೊಳದಬಿಡತೈತ್ರಿ,” ಎಂದು ಅಪ್ಪಾಸಾಹೇಬರು ವಿನಯದಿಂದ ಒಪ್ಪಿಕೊಂಡರು.

ಮುಂದಿನ ರವಿವಾರ ಗುರವ್ವನೂ, ಭಾವನನ್ನು ‘ದಾಜಿ’ ಎಂದು ಕರೆಯುವ ವಿಜಯಶ್ರೀಯ ತಂಗಿ ಸೋನಾಲಿಯೂ ಊಟಕ್ಕೆ ಬಂದಿದ್ದರು. ಸೋನಾಲಿ ಮೊಬೈಲಿನಲ್ಲಿ ಏನೋ ಹುಡುಕುತ್ತ, “ಅಕ್ಕಾ, ದಾಜೀದು ಫೋಟೋ, ಲೇಖನ ಇಲ್ಲಿ ಬಂದೈತಿ ನೋಡು! ಇದನ್ನ ಒತ್ತಿದ್ರ ಫೋನ ತಾನ ಓದತೈತಿ!” ಎಂದು ಕೂಗಿದಳು.

ವಿಜಯಶ್ರೀ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಅವಳ ಮುಖದಲ್ಲಿದ್ದ ಸಂತೋಷ ಕಂಡು ಅಪ್ಪಾಸಾಹೇಬರು ಫೋನಿಗೆ ಕೈ ಚಾಚಿದರು. “ಊಟದ ಹೊತ್ತಿನ್ಯಾಗ ಏನದು? ಚಾರ್ಜ್ ಹೋಗತೈತಿ!” ಎಂದರು. “ಪೂರಾ ಐತ್ರಿ ದಾಜಿ,” ಎಂದು ಸೋನಾಲಿ ಒತ್ತಿಯೇಬಿಟ್ಟಳು.

ಯಂತ್ರದ ಹೆಂಗಸಿನ ದನಿ ನಗದೆ, ಅಳದೆ, ಉಸಿರೂ ಎಳೆದುಕೊಳ್ಳದೆ ಓದತೊಡಗಿತು. ನನ್ನ ಅರ್ಧಾಂಗಿಯ ಬುದ್ಧಿವಂತಿಕೆಯ ಬಗ್ಗೆ ಎಷ್ಟು ಹೇಳಿದರೂ ಕಡಿಮೆ ಎಂದು ಶುರುವಾದಾಗ ವಿಜಯಶ್ರೀ ನಾಚಿಕೊಂಡಳು. ಹಂದರ ಬಂತು. ಸೀರೆ ಬಂತು. ನಾಚಿಕೆ ಇಳಿಯಿತು. ಗುರವ್ವ ಕಿವಿಗೊಟ್ಟು ಕೇಳಿ, “ಇದು ನಮ್ಮ ಮಾಡಗ್ಯಾಳದ ಮದಿವಿ ಅಲ್ಲೇನ? ಹೌದಲ್ಲ ಅಳಿಯಾರ, ಆ ಹಂದರಕ್ಕ ಹೋದಾವ್ರು ನೀವಲ್ಲೇನ?” ಎಂದಳು. ಸೋನಾಲಿ ನಗೆ ತಡೆಯಲಾರದೆ ಗೋಡೆಯ ಕಡೆ ತಿರುಗಿದಳು. ಗಂಡನ ಬಾಯಿಗೆ ಹಾಕಿದ್ದ ಸ್ವಾದರತ್ತೆಯ ಆ ಕೊನೆಯ ಮಾತನ್ನೂ ಓದಿಯೇ ದನಿ ನಿಂತಿತು.

ವಿಜಯಶ್ರೀ ಕೂಗಾಡಲಿಲ್ಲ. ಸಣ್ಣ ದನಿಯಲ್ಲಿ ಹೇಳಿದಳು: “ತಪ್ಪ ನನ್ನ ಮ್ಯಾಲೆ ಹಾಕೀರಿ, ಇರಲಿ. ಆದರ ಆ ಮಾತ ನಂದಿತ್ತಲ್ರಿ.”

ಅಂದಿನಿಂದ ಅವಳ ಮಾತು ಅಳತೆಗೆ ಬಂತು. “ಊಟಕ್ಕ ಬರ್ರಿ.” “ಗ್ಯಾಸ ಮುಗದೈತಿ.” ಅಷ್ಟೇ. ಪುರವಣಿ ಬಂದರೆ ದೇವರ ಮುಂದಿಡಲಿಲ್ಲ, ಬಾಗಿಲಲ್ಲೇ ಬಿದ್ದಿರುತ್ತಿತ್ತು. ಅಪ್ಪಾಸಾಹೇಬರು ಸ್ವಂತ ಪ್ರತಿಭೆಯಿಂದ ಬರೆಯಲು ಕೂತರು. “ಸೂರ್ಯ ಉದಯಿಸಿದನು” ಎಂದು ಬರೆದರು. ಮುಂದೇನು ಮಾಡಿದನೋ ಅವರಿಗೆ ತಿಳಿಯಲಿಲ್ಲ!

ಹಳೆಯ ಲೇಖನಗಳನ್ನು ನೆನಪು ಮಾಡಿಕೊಂಡರು. ಓದುಗರು ಮೆಚ್ಚಿದ ಮಾತೆಲ್ಲ ಅವಳದು. ಅವರು ನಕ್ಕ ಪೆದ್ದುತನವೆಲ್ಲ ತಮ್ಮದು. ಅದಲು ಬದಲು ಮಾಡಿದ್ದೊಂದೇ ತಮ್ಮ ಸಾಹಿತ್ಯ. ಬರೆಯುವವನು ಸುತ್ತಲಿನವರಿಂದ ತರದೆ ಎಲ್ಲಿಂದ ತರಬೇಕು? ನೆರೆಮನೆಯಿಂದ ಹೆಪ್ಪು ತಂದೇ ಮೊಸರಾಗುತ್ತದೆ, ಅದೇನು ಕಳ್ಳತನವಲ್ಲ. ಆದರೆ ಹೆಪ್ಪು ಕೊಟ್ಟವಳಿಗೆ ಮೊಸರು ಕೆಡಿಸುವವಳೆಂದು ಹೆಸರಿಟ್ಟು ಊರೆಲ್ಲ ಹೇಳಿ ಬಂದಿದ್ದರಲ್ಲ! ಅಪ್ಪಾಸಾಹೇಬರಿಗೆ ನಿಜವಾಗಿಯೂ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಮನೆ ಬಿಕೋ ಎನ್ನುತ್ತಿತ್ತು. ಲೇಖನಕ್ಕಾಗಿ ಅಲ್ಲ, ಅವಳ ಮಾತು ಅವರಿಗೇ ಬೇಕಾಗಿತ್ತು.

ಒಂದು ಸಂಜೆ ಅಡುಗೆಮನೆಯ ಬಾಗಿಲಲ್ಲಿ ಹಾಳೆ ಹಿಡಿದು ಕೂತರು.

“ಬರದೀನಿ. ಓದ್ಲೇನು?”

“ಸಮಾಜದ ಬಗ್ಗೆ?”

“ನನ್ನ ಬಗ್ಗೆ.”

ಅವಳು ಒಲೆಯ ಉರಿ ಸಣ್ಣ ಮಾಡಿದಳು. ಅವರು ಓದತೊಡಗಿದರು. ಈ ಸಲ ಬಸ್ಸಿಳಿದವನು ಗಂಡನೇ. ಫೇಟಾ ಕಟ್ಟಿಸಿಕೊಂಡಲ್ಲಿಗೆ ಬಂದಾಗ ಒಲೆಯ ಕಡೆಯಿಂದ ದನಿ ಬಂತು. “ಸೆಲ್ಫಿ ತಗೊಂಡದ್ದ ಬಿಟ್ಟೀರಿ.”

“ಅದೂ ಬೇಕೇನ?”

“ಬೇಕು. ಜಿಲೇಬಿ ಮತ್ತ ಬೇಡಿದ್ದೂ ಹಾಕ್ರಿ. ಬಡಸಾಂವ ಇಲ್ಲಂದ್ರ, ‘ನಾವು ಹುಡುಗಿ ಕಡಿಯಾವರು’ ಅಂತ ಜೋರ ಮಾಡೀರಂತ.”

“ನಿನಗ್ಯಾರ ಹೇಳಿದ್ರು?”

“ಆ ಹಂದರದಾಗ ನಮ್ಮವ್ವನ ಗೆಳತಿ ಇದ್ದಳು!”

ಅಪ್ಪಾಸಾಹೇಬರು ತೆಪ್ಪಗೆ ಎಲ್ಲವನ್ನೂ ಬರೆದುಕೊಂಡರು. ಕೊನೆಗೆ ಸ್ವಾದರಮಾವನ ಮಾತು ಬಂತು. ‘ಎಂದು ನನ್ನ ಹೆಂಡತಿ ಹೇಳಿದಳು’ ಎಂದು ಓದಿ ನಿಲ್ಲಿಸಿದರು. ವಿಜಯಶ್ರೀ ಈ ಕಡೆ ತಿರುಗಲಿಲ್ಲ.

“ಇನ್ನೊಮ್ಮೆ ಓದ್ರಿ,” ಎಂದಳು.

ಲೇಖನ ಹೋದ ಬಳಿಕ ಸಂಪಾದಕರ ಫೋನು ಬಂತು. ಹೊಗಳಿಕೆ ಮನೆಗೆಲ್ಲ ಕೇಳಲೆಂದು ಅಪ್ಪಾಸಾಹೇಬರು ಯಾವಾಗಲೂ ಸ್ಪೀಕರ್ ಹಾಕುತ್ತಾರೆ. ಅಂದೂ ಹಾಕಿದರು.

“ಸಾಹೇಬ್ರ, ಹೆಂಡತಿ ಪಾತ್ರ ಭಾಳ ಚಲೋ ಬಂದೈತಿ. ಆದರ ಗಂಡಂದು ಅತೀ ಆತ್ರಿ! ಫೇಟಾ, ಸೆಲ್ಫಿ, ಜಿಲೇಬಿ... ಇಂಥಾ ಮನಷ್ಯಾ ಎಲ್ಲಿ ಇರತಾನ್ರಿ? ಓದೂ ಮಂದಿ ನಂಬೂದಿಲ್ಲ. ಒಂದೀಟ ಕಡಿಮಿ ಮಾಡಿ ಕೊಡ್ರಲ್ಲ.”

ಅಪ್ಪಾಸಾಹೇಬರು ಆಸೆಯಿಂದ ಬಾಯಿ ತೆರೆಯುವಷ್ಟರಲ್ಲಿ ವಿಜಯಶ್ರೀ ಕೈ ಒರೆಸಿಕೊಂಡು ಫೋನಿನತ್ತ ಬಾಗಿದಳು.

“ನಮಸ್ಕಾರ್ರಿ ಸರ, ನಾ ಅವರ ಮನಿಯಾಕಿ. ಕಡಿಮಿ ಮಾಡೇ ಬರದೇವ್ರಿ ನಾವು!”