ನೋವಿಲ್ಲದ ಹಲ್ಲು, ಕೇಳುಗರಿಲ್ಲದ ಹಾಡು

ರಿಸೆಪ್ಷನಿಸ್ಟ್: ಆಗ್ಲಿಂದ ಕೇಳ್ತಾನೇ ಇದೀನಿ. ಯಾವ ಹಲ್ಲು ಅಂತ ಹೇಳದೆ ಕಾರ್ಡ್ ಮಾಡೋಕಾಗಲ್ಲ.

ಹಾಡುಗಾರ: ಯಾವುದಾದ್ರೂ ಒಂದು ಬರ್ಕೊಳ್ಳಿ ಮೇಡಂ. ನಾನು ಹಲ್ಲುಗಳ ಮಧ್ಯೆ ಭೇದಭಾವ ಮಾಡೋನಲ್ಲ.

ರಿಸೆಪ್ಷನಿಸ್ಟ್: ನೋಯ್ತಿರೋದು ಯಾವುದು?

ಹಾಡುಗಾರ: ಹಲ್ಲು ಯಾವುದೂ ನೋಯ್ತಿಲ್ಲ. ನೋಯ್ತಿರೋದು ಹೃದಯ.

ರಿಸೆಪ್ಷನಿಸ್ಟ್: ಹೃದಯದವರು ಮೇಲಿನ ಮಹಡೀಲಿ ಕೂತ್ಕೋತಾರೆ. ಲಿಫ್ಟ್ ಇದೆ, ಹೋಗಿ.

ಹಾಡುಗಾರ: ನಾನು ಬಂದಿರೋದು ಡಾಕ್ಟರನ್ನ ನೋಡೋಕಲ್ಲ, ನಿಮ್ಮನ್ನ ನೋಡೋಕೆ!

ಹಲ್ಲಿನ ಕ್ಲಿನಿಕ್ಕಿನ ಹೊರಕೋಣೆ. ಗೋಡೆಗೆ ಒಂದೊಂದು ಹಲ್ಲನ್ನೂ ಬಿಡದೆ ತೋರಿಸುವ ನಗುಮುಖದ ಚಿತ್ರ, ಮೂಲೆಯಲ್ಲೊಂದು ಮೀನಿನ ತೊಟ್ಟಿ, ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ದವಡೆ ಹಿಡಿದು ಕೂತ ಜನ. ‘ನಿಮ್ಮನ್ನ ನೋಡೋಕೆ’ ಎಂದದ್ದೇ ತಡ, ನೋವು ಮರೆತು ಎಲ್ಲರೂ ಇತ್ತ ತಿರುಗಿದರು. ಕೆನ್ನೆ ಊದಿಸಿಕೊಂಡಿದ್ದ ಒಬ್ಬರಂತೂ ಕುರ್ಚಿಯನ್ನೇ ಹತ್ತಿರಕ್ಕೆ ಎಳೆದುಕೊಂಡರು. ಒಳಕೋಣೆಯ ಬಾಗಿಲ ಹಿಂದೆ ಹಲ್ಲು ಕೊರೆಯುವ ಮೆಷಿನ್ನು ತನ್ನ ಪಾಡಿಗೆ ತಾನು ‘ಗುಂಯ್’ ಎನ್ನುತ್ತಿತ್ತು.

ಹಾಡುಗಾರ: (ದನಿ ತಗ್ಗಿಸಿ) ‘ಹೆದರಬೇಡಿ, ಕೂತ್ಕೊಳ್ಳಿ’ ಅನ್ನೋ ಪ್ಲೇಲಿಸ್ಟು... ಅದು ನಿಮ್ಮದೇ ತಾನೇ?

ರಿಸೆಪ್ಷನಿಸ್ಟ್: (ಪೆನ್ನು ಕೆಳಗಿಟ್ಟು) ಯಾರು ಹೇಳಿದ್ರು?

ಹಾಡುಗಾರ: ಲಕ್ಷಾಂತರ ಜನ ಕೇಳೋ ಪಟ್ಟಿ! ಅದನ್ನ ನಡೆಸೋರು ಯಾರು ಅಂತ ಹುಡುಕಿ ಹುಡುಕಿ ಸಾಕಾಗಿತ್ತು. ಕೊನೆಗೆ ಪಟ್ಟಿಯ ಚಿತ್ರದಲ್ಲಿರೋ ಮೀನನ್ನ ನೋಡಿದೆ. ಆ ಮೀನಿಗೆ ಒಂದು ಕಣ್ಣಿಲ್ಲ. ಹಿಂದೊಮ್ಮೆ ಯಾರದೋ ಜೊತೆ ಇಲ್ಲಿಗೆ ಬಂದಾಗ ನೋಡಿದ್ದೆ, ನಿಮ್ಮ ತೊಟ್ಟಿಯ ಮೀನಿಗೂ ಇಲ್ಲ.

ರಿಸೆಪ್ಷನಿಸ್ಟ್: ಮೀನಿನ ಗುರುತು ಹಿಡ್ಕೊಂಡು ಮನುಷ್ಯರನ್ನ ಹುಡುಕ್ತೀರಾ! ನೋಡಿ, ಅದು ಇಲ್ಲಿ ಕಾಯೋ ಪೇಷೆಂಟುಗಳಿಗೆ ಅಂತ ಮಾಡಿದ ಪಟ್ಟಿ. ಒಳಗಿನ ಗುಂಯ್ ಕೇಳಿಸ್ಬಾರ್ದು, ಯಾರೂ ಹೆದರಿ ಎದ್ದು ಓಡ್ಬಾರ್ದು, ಅಷ್ಟಕ್ಕೆ. ಅದು ಹೇಗೋ ಹೊರಗಿನೋರಿಗೂ ಹಿಡಿಸಿಬಿಡ್ತು. ಪರೀಕ್ಷೆ ಬರೆಯೋರು, ಇಂಟರ್‌ವ್ಯೂಗೆ ಹೋಗೋರು, ಮಾವನ ಹತ್ರ ಹೆಣ್ಣು ಕೇಳೋಕೆ ಹೋಗೋರು, ಎಲ್ಲಾ ಕೇಳ್ತಾರೆ.

ಹಾಡುಗಾರ: ಅದರಲ್ಲಿ ನನ್ನ ಹಾಡಿಗೆ ಒಂದು ಜಾಗ ಕೊಡಿ. ಮೂಲೆಯಲ್ಲಾದ್ರೂ ಪರವಾಗಿಲ್ಲ. ನಿಂತ್ಕೊಂಡೇ ಇರ್ತದೆ.

ರಿಸೆಪ್ಷನಿಸ್ಟ್: ಬೇರೆ ಪಟ್ಟಿಗಳೇ ಇಲ್ವಾ?

ಹಾಡುಗಾರ: ಎಲ್ಲಾ ಬಾಗಿಲೂ ತಟ್ಟಿದೀನಿ ತಾಯಿ! ವ್ಯಾಯಾಮದ ಪಟ್ಟಿಯವರು, ಇದನ್ನ ಕೇಳಿ ನಮ್ಮವರು ಡಂಬೆಲ್ ಕೆಳಗಿಟ್ಟು ಅಳ್ತಾ ಕೂತ್ರು ಅಂದ್ರು. ಸರಿ, ನಿದ್ದೆಯ ಪಟ್ಟಿಯವರಿಗೆ ಕಳ್ಸಿದೆ. ಮಲಗಿದ್ದೋರು ಎದ್ದು ಕೂತ್ರು ಅಂದ್ರು. ಅಡುಗೆಮನೆ ಪಟ್ಟಿಯವರು ಹಾಲು ಒಡೀತು ಅಂತ ಬರೆದ್ರು. ಹಾಲು ಒಡೆಯೋಕೆ ನಾನಾ ಕಾರಣ?

ರಿಸೆಪ್ಷನಿಸ್ಟ್: ಜನರಿಗೇ ನೇರವಾಗಿ ಕೇಳಿಸ್ಬೇಕಿತ್ತು.

ಹಾಡುಗಾರ: ಅದೂ ಆಯ್ತು. ಕೇಳುಗರನ್ನ ಒದಗಿಸ್ತೀವಿ ಅಂತ ಒಂದು ಕಂಪನಿಯವರು ಬಂದ್ರು. ಒದಗಿಸಿದ್ರು ಕೂಡ. ಸಾವಿರಾರು ಜನ! ಎಲ್ಲರೂ ಒಂದೇ ಗಳಿಗೆಗೆ ಹಾಡು ಶುರು ಮಾಡಿ ಒಂದೇ ಗಳಿಗೆಗೆ ನಿಲ್ಲಿಸಿದಾರೆ, ಕವಾಯತಿನಲ್ಲಿ ನಿಂತ ಹಾಗೆ. ಅದರಲ್ಲಿ ಒಬ್ಬನಿಗೆ ‘ಹೇಗಿತ್ತು ಸ್ವಾಮಿ’ ಅಂತ ಬರೆದೆ. ‘ನೀವು ಮನುಷ್ಯರೇ ಎಂದು ಖಚಿತಪಡಿಸಿ’ ಅಂತ ನನಗೇ ಉತ್ತರ ಬಂತು.

ಊದಿದ ಕೆನ್ನೆ: ಅಯ್ಯೋ ಪಾಪ. ಮೇಡಂ, ಕಾರ್ಡ್ ಮಾಡಿಕೊಡಿ.

ರಿಸೆಪ್ಷನಿಸ್ಟ್: ನೀವು ಬಾಯಿ ಮುಚ್ಕೊಳ್ಳಿ. ಡಾಕ್ಟರು ಹೇಳಿಲ್ವಾ, ಮಾತಾಡಿದ್ರೆ ಊತ ಜಾಸ್ತಿ ಆಗ್ತದೆ ಅಂತ.

ಅಷ್ಟರಲ್ಲಿ ಹಾಡುಗಾರನ ಜೇಬಿನಲ್ಲಿ ಫೋನು ಕುಣಿಯಿತು. ಹೆಂಡತಿ. ಸ್ಪೀಕರ್ ಆನ್ ಆಗಿಯೇ ಸಿಕ್ಕಿಕೊಂಡಿದ್ದ ಆ ಫೋನಿಗೆ ಗುಟ್ಟು ಎನ್ನುವುದೇ ಗೊತ್ತಿರಲಿಲ್ಲ. ಎತ್ತಿದರೆ ಸಾಕು, ಊರಿಗೆಲ್ಲ ಕೇಳುವ ಹಾಗೆ ಒದರುತ್ತಿತ್ತು.

ಹೆಂಡತಿ: ಏನಾಯ್ತು? ಹಾಡು ಯಾವುದಾದ್ರೂ ಪಟ್ಟಿಗೆ ಹೋಯ್ತಾ, ಇಲ್ಲಾ ನಾನು ಬೀರು ಖಾಲಿ ಮಾಡ್ಲಾ?

ಹಾಡುಗಾರ: ಸಂಜೆವರೆಗೂ ಟೈಮ್ ಕೊಟ್ಟಿದ್ದೆ ತಾನೇ? ಇನ್ನೂ ಸಂಜೆ ಆಗಿಲ್ಲ ಕಣೇ!

ಹೆಂಡತಿ: ನನ್ನ ಸೀರೆಗಳು ಕುರ್ಚಿ ಮೇಲೆ ಬಿದ್ದಿವೆ ಕಣ್ರೀ. ಕೂತ್ಕೊಳ್ಳೋಕೆ ಜಾಗ ಇಲ್ಲದೆ ನಾನು ನಿಂತ್ಕೊಂಡು ಊಟ ಮಾಡ್ತಿದೀನಿ. ಇನ್ನೊಂದು ರೂಮಿನಲ್ಲಿ ಇಡೋಣ ಅಂದ್ರೆ ಅಲ್ಲಿ ನಿಮ್ಮ ಸೋದರಮಾವ. ಹೀಗೇ ಒಂದು ಗಳಿಗೆ ನೋಡ್ಕೊಂಡು ಹೋಗೋಣ ಅಂತ ಬಂದೋರು, ಚಳಿಗಾಲ ಕಳೆದು ಸೆಕೆ ಬಂದ್ರೂ ನೋಡ್ತಾನೇ ಇದಾರೆ! ಒಂದೋ ಮಾವ ಹೋಗ್ಬೇಕು, ಇಲ್ಲಾ ಬೀರುವಿನೊಳಗಿಂದ ನಿಮ್ಮ ಮೈಕು ಹೋಗ್ಬೇಕು. ಮಾವನಿಗೆ ಹೋಗಿ ಅಂತ ನಾನು ಹೇಳೋಕಾಗಲ್ಲ. ಮೈಕಿಗೆ ಹೇಳಬಹುದು.

ಫೋನು ಸುಮ್ಮನಾಯಿತು. ಹಾಡುಗಾರನ ಮುಖ ಸಪ್ಪಗಾಯಿತು.

ರಿಸೆಪ್ಷನಿಸ್ಟ್: ನೀವು ಬೀರುವಿನೊಳಗೆ ಹಾಡ್ತೀರಾ?

ಹಾಡುಗಾರ: ಹೊರಗಿನ ಸದ್ದು ಬರಲ್ಲ ಮೇಡಂ. ಬಾಗಿಲು ಹಾಕ್ಕೊಂಡ್ರೆ ನಾನು, ಮೈಕು, ಒಂದು ಹಳೇ ಕಂಬಳಿ. ಇಡೀ ಜಗತ್ತಿನಲ್ಲಿ ನನ್ನದು ಅಂತ ಇರೋದು ಅದೊಂದೇ ಜಾಗ. ಅದೂ ಹೋದ್ರೆ ನಾನು ಎಲ್ಲಿ ಹಾಡ್ಲಿ ಹೇಳಿ?

ಅವಳಿಗೆ ನಿಜಕ್ಕೂ ಕನಿಕರವಾಯಿತು. ಆದರೆ ಕೌಂಟರಿನಲ್ಲಿ ಕೂತವರು ಕನಿಕರವನ್ನು ಮುಖದ ಮೇಲೆ ತೋರಿಸಿದರೆ ಆ ದಿನ ಮನೆಗೆ ಹೋದ ಹಾಗೆಯೇ.

ರಿಸೆಪ್ಷನಿಸ್ಟ್: ನನ್ನದೊಂದು ಪದ್ಧತಿ ಇದೆ. ಹಾಡನ್ನ ಇಲ್ಲಿ, ಕಾಯ್ತಿರೋರ ಮುಂದೆ ಹಾಕ್ತೀನಿ. ಹಾಡು ಮುಗಿಯೋವರೆಗೂ ಯಾರೂ ಎದ್ದು ಹೋಗಲಿಲ್ಲ ಅಂದ್ರೆ ಪಟ್ಟಿಗೆ. ಒಬ್ಬರು ಎದ್ರೂ ಇಲ್ಲ. ವಶೀಲಿಬಾಜಿ ನಡೆಯಲ್ಲ. ನಮ್ಮ ಡಾಕ್ಟರ ಕೊಳಲು ಕೂಡ ಇದೇ ಪರೀಕ್ಷೇಲಿ ಫೇಲ್.

ಹಾಡುಗಾರ: ಹಾಕಿ, ಹಾಕಿ!

ರಿಸೆಪ್ಷನಿಸ್ಟ್: ಪೇಷೆಂಟ್ ಅಲ್ಲದೋರು ಒಳಗೆ ಇರೋ ಹಾಗಿಲ್ಲ. ಹಲ್ಲು ಹೇಳಿ.

ಹಾಡುಗಾರ: (ಹಲ್ಲು ಕಚ್ಚಿ) ಎಡಗಡೆ, ಹಿಂದಿನದು. ಒಳ್ಳೇ ಹಲ್ಲು ಅದು, ಬರ್ಕೊಳ್ಳಿ.

ರಿಸೆಪ್ಷನಿಸ್ಟ್: ಹಾಡಿನ ಹೆಸರು?

ಹಾಡುಗಾರ: ‘ಎದ್ದು ಹೋಗಬೇಡ’.

ರಿಸೆಪ್ಷನಿಸ್ಟ್: ಹೆಸರಂತೂ ನಮ್ಮ ಕ್ಲಿನಿಕ್ಕಿಗೆ ಹೇಳಿ ಮಾಡಿಸಿದ ಹಾಗಿದೆ.

ಹಾಡು ಶುರುವಾಯಿತು. ಮೊದಲಿಗೆ ತಂತಿವಾದ್ಯದ ಮೆಲುದನಿ. ಊದಿದ ಕೆನ್ನೆಯವರು ತಲೆದೂಗಿದರು. ಹಾಡುಗಾರ ಕಣ್ಣು ಮುಚ್ಚಿ ದೇವರನ್ನು ನೆನೆದ. ಮಾತು ಬಂತು, ‘ಇನ್ನೂ ಇದೆ ಬೆಳಕು, ಎದ್ದು ಹೋಗಬೇಡ’ ಎಂದು. ಯಾರೂ ಏಳಲಿಲ್ಲ. ಆಮೇಲೆ ಹಾಡುಗಾರ ತನ್ನ ಜೀವಮಾನದ ಸಾಧನೆ ಎಂದು ನಂಬಿಕೊಂಡಿದ್ದ ಆಲಾಪ ಬಂತು. ಮೇಲಕ್ಕೆ ಹೋಯಿತು, ಇನ್ನೂ ಮೇಲಕ್ಕೆ ಹೋಯಿತು, ಅಲ್ಲೇ ನಿಂತಿತು. ಒಳಗಿನ ಮೆಷಿನ್ನಿನ ಗುಂಯ್‌ಗೆ ಹೊರಗಿನಿಂದ ಇನ್ನೊಂದು ಗುಂಯ್ ಸೇರಿತು.

ಊದಿದ ಕೆನ್ನೆ: (ಎದ್ದು ನಿಂತು) ಅಯ್ಯಯ್ಯೋ! ಹೊರಗೇ ಶುರು ಮಾಡಿಬಿಟ್ರಾ?

ಹಾಡುಗಾರ: ಕೂತ್ಕೊಳ್ಳಿ ಸಾರ್! ಅದು ನನ್ನ ಗಂಟಲು!

ಊದಿದ ಕೆನ್ನೆ: ಗಂಟಲನ್ನೂ ಕೊರೀತಾರಾ? ನನಗೆ ಊತ ಇಳೀತು. ಬರ್ತೀನಿ!

ಅವರು ಕಾಲಿಗೆ ಬುದ್ಧಿ ಹೇಳಿದರು. ಉಳಿದವರು ಅವರ ಹಿಂದೆಯೇ ಹೊರಟರು. ದವಡೆ ಹಿಡಿದು ಬಂದವರು ಕಿವಿ ಹಿಡಿದು ಇಳಿದರು. ಒಬ್ಬರು ಚಪ್ಪಲಿಯನ್ನೂ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡು ಹೋದರು. ಒಳಬಾಗಿಲು ತೆರೆಯಿತು. ಮುಖಕ್ಕೆ ಮಾಸ್ಕ್ ಹಾಕಿದ ಡಾಕ್ಟರು ಬಂದರು, ಅವರ ಕೈ ಕೆಳಗಿಂದ ಬಾಯಲ್ಲಿ ಹತ್ತಿಯಿಟ್ಟುಕೊಂಡಿದ್ದ ಒಳಗಿನ ಪೇಷೆಂಟು ನುಸುಳಿದರು. ಪೇಷೆಂಟು ನಿಲ್ಲದೆ ಹೊರಟೇ ಹೋದರು.

ಡಾಕ್ಟರ್: ಯಾರ್ರೀ ಅದು ನನ್ನ ಎರಡನೇ ಮೆಷಿನ್ ಆನ್ ಮಾಡಿದ್ದು?

ರಿಸೆಪ್ಷನಿಸ್ಟ್: ಮೆಷಿನ್ ಅಲ್ಲ ಡಾಕ್ಟ್ರೇ. ಇವರ ಆಲಾಪ.

ಡಾಕ್ಟರ್: ಆಲಾಪನಾ? ನಾನು ಒಳಗೆ ಮೆಷಿನ್ ನಿಲ್ಲಿಸಿದೀನಿ, ಆದ್ರೂ ಗುಂಯ್ ಅಂತಿದೆ! ಕೈಯಲ್ಲಿರೋ ಮೆಷಿನ್ನಿಗೇ ದೆವ್ವ ಹೊಕ್ಕಿದೆ ಅಂದ್ಕೊಂಡೆ. ಶ್ರುತಿ ಅಂದ್ರೆ ಶ್ರುತಿ! ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ಹಾಡುಗಾರ: (ಅಳು ನುಂಗಿಕೊಂಡು) ಇದು ಮೆಚ್ಚುಗೆನಾ?

ಡಾಕ್ಟರ್: ನನ್ನ ಕ್ಲಿನಿಕ್ ಖಾಲಿ ಮಾಡಿಸಿ ಮೆಚ್ಚುಗೆ ಬೇರೆ ಕೇಳ್ತೀರಾ!

ಡಾಕ್ಟರು ಬಾಗಿಲು ಬಡಿದುಕೊಂಡು ಒಳಗೆ ಹೋದರು. ಒಕ್ಕಣ್ಣಿನ ಮೀನು ಕೂಡ ತೊಟ್ಟಿಯ ಆಚೆ ಬದಿಗೆ ಸರಿದಿತ್ತು. ಹಾಡುಗಾರ ಖಾಲಿ ಕುರ್ಚಿಗಳ ನಡುವೆ ಕುಸಿದು ಕೂತ.

ಹಾಡುಗಾರ: ಯಾರಾದ್ರೂ ಒಬ್ಬರು ಕೊನೇತನಕ ಕೂತ್ಕೊಂಡು ಕೇಳ್ಲಿ ಅಂತ ಬರೆದ ಹಾಡು ಮೇಡಂ ಅದು. ಎದ್ದು ಹೋಗಬೇಡ ಅಂತ ಗಂಟಲು ಹರ್ಕೊಂಡು ಬೇಡ್ಕೊಂಡಿದೀನಿ. ಅದನ್ನ ಕೇಳಿದ ಮೇಲೇ ಎಲ್ಲಾ ಎದ್ದು ಹೋಗೋದು. ತುಂಬಾ ಬೇಜಾರಾಗ್ತದೆ.

ರಿಸೆಪ್ಷನಿಸ್ಟ್: (ಖಾಲಿ ಕೋಣೆಯನ್ನು ಕಣ್ಣಗಲಿಸಿ ನೋಡುತ್ತಾ) ಒಂದೇ ಹಾಡು. ಎಲ್ಲರೂ ಹೋದ್ರು. ಯಾರೂ ಬೈಕೊಳ್ಳಲಿಲ್ಲ, ಜಗಳ ಆಡಲಿಲ್ಲ. ಒಬ್ಬರಂತೂ ‘ಬರ್ತೀನಿ’ ಅಂತ ಹೇಳಿ ಹೋದ್ರು... ಸ್ವಾಮಿ, ನನ್ನ ಹತ್ರ ಇನ್ನೊಂದು ಪಟ್ಟಿ ಇದೆ.

ಹಾಡುಗಾರ: ಇನ್ನೊಂದಾ?

ರಿಸೆಪ್ಷನಿಸ್ಟ್: ‘ಬಾಗಿಲು ಹಾಕೋ ಹೊತ್ತು’. ಇಲ್ಲಿಗೆ ಹಲ್ಲಿಗೆ ಬರೋರು ಒಂದು ಕಡೆ, ಫ್ಯಾನ್ ಗಾಳಿಗೆ ಬರೋರು ಇನ್ನೊಂದು ಕಡೆ. ಸಂಜೆ ಎಬ್ಬಿಸೋಕೆ ಪ್ರಾಣ ಹೋಗ್ತದೆ. ಅದಕ್ಕೇ ನಮ್ಮ ಶಟರ್ ಎಳೆಯೋ ಸದ್ದನ್ನ ರೆಕಾರ್ಡ್ ಮಾಡಿ ಹಾಕಿದ್ದೆ. ಇಷ್ಟು ದಿನ ಅದರಲ್ಲಿ ಅದೊಂದೇ ಇತ್ತು. ಅದಕ್ಕೆ ಎಷ್ಟು ಜನ ಗಂಟುಬಿದ್ದಿದಾರೆ ಗೊತ್ತಾ? ಅಂಗಡಿಯೋರು, ಲೈಬ್ರರಿಯೋರು, ಮನೇಲಿ ನೆಂಟರು ಠಿಕಾಣಿ ಹೂಡಿರೋರು. ಆದ್ರೆ ಶಟರ್ ಸದ್ದಿಗೆ ಈಗ ಜನ ಒಗ್ಗಿಬಿಟ್ಟಿದಾರೆ. ಹೊಸದು ಬೇಕು ಬೇಕು ಅಂತ ದಿನಾ ಬರೀತಾರೆ.

ಹಾಡುಗಾರ: ಜನರನ್ನ ಓಡಿಸೋ ಪಟ್ಟಿಗೆ ನನ್ನ ಹಾಡಾ? ನನಗೂ ಮಾನ ಮರ್ಯಾದೆ ಇದೆ!

ರಿಸೆಪ್ಷನಿಸ್ಟ್: ಬೀರು ಇದೆಯಾ?

ಹಾಡುಗಾರ ಮರ್ಯಾದೆಯನ್ನು ಒಂದು ಕಡೆ, ಬೀರುವನ್ನು ಇನ್ನೊಂದು ಕಡೆ ಇಟ್ಟು ತೂಗಿ ನೋಡಿದ. ಬೀರು ಮೊದಲಿನಿಂದಲೂ ಭಾರದ ಸಾಮಾನು.

ಹಾಡುಗಾರ: ಹಾಕಿ.

ಅವಳು ಬಟನ್ ಒತ್ತಿದಳು. ಇಬ್ಬರೂ ಪರದೆಯನ್ನು ನೋಡುತ್ತಾ ಕೂತರು. ಮೊದಲು ಯಾವುದೋ ಬಟ್ಟೆ ಅಂಗಡಿಯವರು ಕೈಮುಗಿಯುವ ಚಿತ್ರ ಕಳಿಸಿದರು. ‘ಇಡೀ ಲೈಬ್ರರಿ ಖಾಲಿ, ನಾನೂ ಹೊರಗಿದ್ದೇನೆ, ಬೀಗ ಹಾಕಲು ಒಳಗೆ ಹೋಗಲು ಧೈರ್ಯವಿಲ್ಲ’ ಎಂದು ಒಬ್ಬರು ಬರೆದರು. ಇನ್ನೊಬ್ಬರು ‘ಈ ಮಹಾನುಭಾವ ಯಾರು?’ ಎಂದು ಕೇಳಿದರು. ಹಾಡುಗಾರನಿಗೆ ಕಣ್ಣು ತುಂಬಿ ಬಂತು. ಅವನನ್ನು ಯಾರೂ ಈ ಮೊದಲು ‘ಯಾರು?’ ಎಂದು ಕೇಳಿರಲಿಲ್ಲ.

ಫೋನು ಮತ್ತೆ ಕುಣಿಯಿತು.

ಹೆಂಡತಿ: ರೀ! ರೀ! ಮಾವ ಹೊರಟ್ರು!

ಹಾಡುಗಾರ: ಎಲ್ಲಿಗೆ?

ಹೆಂಡತಿ: ಅವರ ಮನೆಗೆ! ‘ಬಾಗಿಲು ಹಾಕೋ ಹೊತ್ತು’ ಅಂತ ಒಂದು ಪಟ್ಟಿ ಇದೆ ಕಣ್ರೀ, ಅದರ ಶಟರ್ ಸದ್ದನ್ನ ಮಾವನ ರೂಮಿನಲ್ಲಿ ದಿನಾ ಹಾಕಿಡ್ತಿದ್ದೆ. ಅವರು ಅದಕ್ಕೇ ತಾಳ ಹಾಕ್ಕೊಂಡು ಕೂತಿರ್ತಿದ್ರು. ಈಗ ಇದ್ದಕ್ಕಿದ್ದ ಹಾಗೆ ಯಾವುದೋ ಹೊಸ ಹಾಡು ಬಂತು. ಆಲಾಪ ಶುರುವಾಗಿದ್ದೇ, ಪೆಟ್ಟಿಗೆ ಎಲ್ಲಿ ಅಂದ್ರು. ಮುಗಿಯೋದ್ರೊಳಗೆ ಬೀದಿ ತಿರುಗಿದ್ರು!

ಹಾಡುಗಾರ: (ಗಂಟಲು ಸರಿ ಮಾಡಿಕೊಂಡು) ಅದು ನನ್ನ ಹಾಡು.

ಹೆಂಡತಿ: ಗೊತ್ತಾಯ್ತು. ನಾನೂ ಹಿತ್ತಿಲಿಗೆ ಹೋಗಿ ನಿಂತ ಮೇಲೆ ಗೊತ್ತಾಯ್ತು. ಇನ್ನೂ ಅಲ್ಲೇ ಇದೀನಿ.

ಹಾಡುಗಾರ: ಹಾಗಾದ್ರೆ ಬೀರು?

ಹೆಂಡತಿ: ಸೀರೆಯೆಲ್ಲಾ ಮಾವನ ರೂಮಿಗೆ. ಬೀರು ನಿಮ್ಮದೇ. ಬಾಗಿಲು ಮಾತ್ರ ಗಟ್ಟಿಯಾಗಿ ಹಾಕ್ಕೊಂಡು ಹಾಡಿ.

ಹಾಡುಗಾರ ಫೋನನ್ನು ಎದೆಗೆ ಒತ್ತಿಕೊಂಡ. ಕೌಂಟರಿನವಳಿಗೆ ಕೈಮುಗಿದ. ಮೀನಿಗೂ ಮುಗಿದ. ಇಷ್ಟು ಸಂತೋಷ ಅವನ ಜೀವನದಲ್ಲಿ ಬಂದದ್ದೇ ಕಡಿಮೆ, ಬಂದಾಗಲೂ ಯಾರಾದರೂ ಹಿಂದೆ ನಿಂತು ಕೆಮ್ಮುತ್ತಿದ್ದರು. ಈಗಲೂ ಹಿಂದೆ ಯಾರೋ ಕೆಮ್ಮಿದರು.

ಬಾಗಿಲಲ್ಲಿ ಡಾಕ್ಟರು ನಿಂತಿದ್ದರು. ಒಂದು ಕೈಯಲ್ಲಿ ಮೆಷಿನ್ನು, ಇನ್ನೊಂದರಲ್ಲಿ ಕಾರ್ಡು.

ಡಾಕ್ಟರ್: ಎಡಗಡೆ, ಹಿಂದಿನದು. ನೀವೇ ತಾನೇ?

ಹಾಡುಗಾರ: ಅದು... ಸುಮ್ಮನೆ ಬರೆಸಿದ್ದು ಡಾಕ್ಟ್ರೇ. ಹಲ್ಲು ಚೆನ್ನಾಗೇ ಇದೆ.

ಡಾಕ್ಟರ್: ಹಾಗಂತ ಎಲ್ಲರೂ ಹೇಳ್ತಾರೆ. ನನ್ನ ಪೇಷೆಂಟುಗಳನ್ನೆಲ್ಲಾ ಓಡಿಸಿದೀರಿ, ಉಳಿದಿರೋರು ನೀವೊಬ್ಬರೇ. ಬನ್ನಿ, ಶ್ರುತಿ ಹೇಗೂ ಕೂಡಿದೆ.

ಮೆಷಿನ್ನು ‘ಗುಂಯ್’ ಎಂದಿತು. ಹಾಡುಗಾರ ಕುರ್ಚಿಯಿಂದ ನಿಧಾನವಾಗಿ ಎದ್ದ, ಬಾಗಿಲ ಕಡೆ ನೋಡಿದ.

ಡಾಕ್ಟರ್: (ಮೃದುವಾಗಿ, ರಾಗವಾಗಿ) ಎದ್ದು ಹೋಗಬೇಡ...

ಅವನು ಆಗಲೇ ಮೆಟ್ಟಿಲಿಳಿದಾಗಿತ್ತು, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು.