ಏಕಾದಶಿಗೆ ಏರಿಸಿದ ಗಂಜಿ

ಆಪರೇಷನ್ ಆದವರ ವಾರ್ಡಿನಲ್ಲಿ ನರ್ಸ್ ಆಗಿದ್ದರೆ, ಮನೆಗೆ ಹೋಗಿ ನೆನೆಸಿಕೊಂಡು ನಗೋದಕ್ಕೆ ದಿನಕ್ಕೊಂದು ಸಿಕ್ಕೇ ಸಿಗುತ್ತೆ. ಯಾದವಗಿರಿಯ ಅಜ್ಜಿಯೊಬ್ಬರು ಮಾತ್ರ ಮೂರೇ ದಿನದಲ್ಲಿ ನನ್ನ ವರ್ಷದ ಕೋಟಾ ಮುಗಿಸಿಬಿಟ್ಟರು.

ನನ್ನ ಹಾಳು ಬಾಯಿ

ಅಜ್ಜಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದರು. ಆಪರೇಷನ್ನಿನಲ್ಲಿ ರಕ್ತ ಹೋಗಿ ಬಿ.ಪಿ. ಇಳಿದಾಗ ಒಂದು ಬಾಟಲಿ ಏರಿಸಿದ್ದರು. ಮಾರನೇ ಬೆಳಿಗ್ಗೆ, "ಅದರಲ್ಲೇನಿತ್ತಮ್ಮ?" ಅಂದರು. ಸುಮ್ಮನಿರಬಾರದೇ ನಾನು? "ಗಂಜಿ ಥರದ್ದು ಅಜ್ಜಿ. ರಕ್ತನಾಳದಲ್ಲಿ ನೀರು ಹಿಡಿದಿಡುತ್ತೆ" ಅಂದುಬಿಟ್ಟೆ.

"ಅಯ್ಯೋ, ನೆನ್ನೆ ಏಕಾದಶಿ ಕಣಮ್ಮ! ಮದುವೆಯಾದಾಗಿನಿಂದ ಒಂದು ಏಕಾದಶೀನೂ ಧಾನ್ಯ ಮುಟ್ಟಿದವಳಲ್ಲ. ಯಾವುದರ ಗಂಜಿ ಅದು? ಆಲೂಗಡ್ಡೇದಾದರೆ ನಡೆಯುತ್ತೆ. ಧಾನ್ಯದ್ದಾದರೆ ನನ್ನ ವ್ರತ ಹೋಯ್ತು." ಕಣ್ಣಲ್ಲಿ ನೀರು.

"ಬಾಯಿಂದ ಹೋಗಿಲ್ವಲ್ಲ ಅಜ್ಜಿ."

"ಹಾಗಂತ ದೇವರಿಗೆ ನೀನೇ ಬಂದು ಹೇಳ್ತೀಯಾ?"

ದ್ವಾದಶಿ ಉಪವಾಸ

ಅಜ್ಜಿ ಹೊಟ್ಟೆ ಏನೋ ಒಂಥರಾ ಅಂದರು ಅಂತ ಅವತ್ತೇ ಚಿಕ್ಕ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಗಂಜಿ ಕರಗಿಸುವ ರಸ, ಅಮೈಲೇಸ್, ವಿಪರೀತ ಏರಿತ್ತು. "ಮೇದೋಜೀರಕ ಗ್ರಂಥಿಗೆ ಏನೋ ಆಗಿದೆ. ಬಾಯಿಗೆ ತೊಟ್ಟು ನೀರೂ ಬೇಡ!" ಅಂದರು.

ಅಜ್ಜಿ ಸಿಡಿದರು. "ಚೆನ್ನಾಯ್ತು! ಉಪವಾಸದ ದಿನ ಊಟ ಹಾಕಿದ್ರಿ, ಪಾರಣೆ ದಿನ ಉಪವಾಸ ಕೆಡವ್ತೀರಿ. ನಿಮ್ಮ ಆಸ್ಪತ್ರೆಗೆ ಪಂಚಾಂಗ ಬರೆಯೋರು ಯಾರಪ್ಪ?"

ದೊಡ್ಡ ಡಾಕ್ಟರು ಬಂದು ಹೊಟ್ಟೆ ಒತ್ತಿ ನೋಡಿ ನಕ್ಕರು. "ಬಾಟಲಿಯ ಗಂಜಿ ಕತ್ತರಿಸೋಕೆ ಹೋದ ಅಮೈಲೇಸ್ ಅದಕ್ಕೇ ಅಂಟಿಕೊಂಡಿದೆ ಕಣ್ರೀ. ಎರಡೂ ಸೇರಿ ದಪ್ಪ ಆಗಿದೆ, ಕಿಡ್ನಿಯಲ್ಲಿ ತೂರೋಲ್ಲ, ರಕ್ತದಲ್ಲೇ ಸುತ್ತುತ್ತೆ. ಗ್ರಂಥಿಯ ಇನ್ನೊಂದು ಟೆಸ್ಟ್ ಸರಿಯಾಗೇ ಇದೆ. ಊಟ ಕೊಡಿ. ಈ ಗಂಜಿ ಕಿಡ್ನಿಗೆ ಅಷ್ಟು ಒಳ್ಳೇದಲ್ಲ, ಅದರ ಮೇಲೆ ಮಾತ್ರ ಕಣ್ಣಿರಲಿ."

ಅಜ್ಜಿ ಪಾರಣೆ ಮಾಡಿದರು. ಚಿಕ್ಕ ಡಾಕ್ಟರು ಅವತ್ತು ಮತ್ತೆ ಆ ಮಂಚದ ಕಡೆ ಸುಳಿಯಲಿಲ್ಲ.

ಜೋಳ ಹೊರಟಿತು

ಅವತ್ತೇ ಸಂಜೆ ಸ್ಟೋರಿನಲ್ಲಿ ಹುಡುಕಿ ಅಂಥದ್ದೇ ಬಾಟಲಿಯ ಚೀಟಿ ಓದಿದೆ. ಮುಸುಕಿನ ಜೋಳ! ಆಲೂಗಡ್ಡೆ ಅಂತ ಸುಳ್ಳು ಹೇಳೋಣ ಅಂತಲೇ ಹೋದೆ. ಆ ಮುಖ ನೋಡಿ ಬಾಯಿ ಬರಲಿಲ್ಲ, ನಿಜ ಹೇಳಿದೆ.

ಅಜ್ಜಿ ಬೆರಳು ಮಡಿಸಿ ಮುಂದಿನ ಏಕಾದಶಿಗೆ ದಿನ ಎಣಿಸಿದರು. "ಎಷ್ಟು ದಿನ ಇರುತ್ತೆ ಮೈಯಲ್ಲಿ?"

"ಸಣ್ಣ ಚೂರು ಬೇಗ ಮೂತ್ರದಲ್ಲಿ ಹೋಗುತ್ತೆ. ದೊಡ್ಡವು ನಿಧಾನವಾಗಿ ತುಂಡಾಗಿ, ದಿನಗಟ್ಟಲೆ ಹೋಗ್ತಿರ್ತವೆ."

"ನೆನ್ನೇದು ತಿಳಿಯದೆ ಆದದ್ದು, ದೇವರು ಕ್ಷಮಿಸ್ತಾನೆ. ಮುಂದಿನ ಏಕಾದಶಿಗೆ ಒಂದು ಚೂರೂ ಇರಕೂಡದು. ತಾ ನೀರು!"

ಬೆಡ್‌ಪ್ಯಾನ್ ಕೇಳೋಕೆ ನಾಚಿಕೆ ಅಂತ ನೀರೇ ಮುಟ್ಟದಿದ್ದ ಅಜ್ಜಿ ಚೊಂಬುಗಟ್ಟಲೆ ಕುಡಿದರು. ಗಳಿಗೆಗೊಮ್ಮೆ ಇಡೀ ವಾರ್ಡಿಗೆ ಕೇಳುವಂತೆ ಕೂಗು: "ಸಿಸ್ಟರಮ್ಮಾ, ಬೇಗ ಬಾ, ಜೋಳ ಹೊರಟಿತು!" ಪಕ್ಕದ ಮಂಚದವರು ಹೊಲಿಗೆ ಹಿಡಿದುಕೊಂಡು ನಗೋರು.

ಮೂರನೇ ದಿನ ದೊಡ್ಡ ಡಾಕ್ಟರು ಬಂದು, "ಮೂತ್ರ ಸರಿಯಾಗಿ ಹೋಗ್ತಿದೆಯಾ?" ಅಂತ ನನ್ನನ್ನು ಕೇಳಿದರು. ನಾನು ಬಾಯಿ ತೆರೆಯೋ ಮೊದಲೇ ಅಜ್ಜಿ ಕೈಮುಗಿದರು.

"ನೀವು ಹಾಕಿದ್ದು ಒಂದೇ ಬಾಟಲಿ ಜೋಳ ಡಾಕ್ಟ್ರೇ. ಆಗಲೇ ಆರು ಬಾಟಲಿ ಹೋಯ್ತು, ಇನ್ನೂ ಬರ್ತಾನೇ ಇದೆ. ಒಳಗೇನು ಬಿತ್ತಿಬಿಟ್ಟಿದ್ದೀರಾ?"